ಟಿವಿಯಲ್ಲಿ ಸಣ್ಣಗಾದವರು ಮತ್ತೆ ದಪ್ಪಗಾದರೆ ಬೈಯುವುದು ತಪ್ಪಾ?

ಪ್ರಶ್ನೆ: ತೂಕ ಇಳಿಸುವ ರಿಯಾಲಿಟಿ ಶೋಗಳನ್ನು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ಕಳೆದ ವಾರ ಹಳೆಯ ಸ್ಪರ್ಧಿಯೊಬ್ಬರನ್ನು ಮತ್ತೆ ತೋರಿಸಿದರು. ಗೆದ್ದಾಗ ಗುರುತೇ ಸಿಗದಷ್ಟು ಸಣ್ಣಗಾಗಿದ್ದವರು ಈಗ ಮತ್ತೆ ದಪ್ಪಗಾಗಿದ್ದಾರೆ. ನನಗೆ ಸಿಟ್ಟು ಬಂತು. "ಟ್ರೈನರ್, ಡಾಕ್ಟರ್, ದುಡ್ಡು ಎಲ್ಲ ಕೊಟ್ಟರೂ ಬಾಯಿ ಕಟ್ಟೋಕೆ ಆಗಲಿಲ್ಲ, ನಾಚಿಕೆ ಆಗಬೇಕು" ಅಂದೆ. ಪಕ್ಕದಲ್ಲಿ ನನ್ನ ತಂಗಿ ಕೂತಿದ್ದಳು. ಎಂಟು ತಿಂಗಳಿಂದ ತೂಕ ಇಳಿಸಲು ಒದ್ದಾಡುತ್ತಿದ್ದಾಳೆ. ಏನೂ ಮಾತಾಡದೆ ಎದ್ದು ಹೋದಳು. ಅವತ್ತಿನಿಂದ ನಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. ನಾನು ಬೈದದ್ದು ಅವಳನ್ನಲ್ಲ. ಟಿವಿಗೆ ಬಂದವರು ತಾವಾಗಿಯೇ ಬಂದವರು, ಜನ ಮಾತಾಡೋದು ಸಹಜ ಅಲ್ವಾ? ಯಾರೂ ಏನೂ ಹೇಳದಿದ್ದರೆ ಅವರು ಸರಿಹೋಗುವುದಾದರೂ ಹೇಗೆ?

ಉತ್ತರ: ಹೌದು, ತಪ್ಪು ಅಂತಲೇ ನಾನು ಹೇಳುತ್ತೇನೆ. ಹಾಗಂತ ನಿಮ್ಮನ್ನು ಕೆಟ್ಟವರು ಅನ್ನುತ್ತಿಲ್ಲ. ನೋಡುವವರ ಬಾಯಿಂದ ಅಂಥ ಮಾತು ಬರುವ ಹಾಗೆಯೇ ಆ ಕಾರ್ಯಕ್ರಮಗಳನ್ನು ಕಟ್ಟಿರುತ್ತಾರೆ. ಬಹಳ ವರ್ಷಗಳಿಂದ ತೂಕದ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುತ್ತಾ ಬಂದಿದ್ದೇನೆ. ಯಾರನ್ನೋ ನೋಡಿ ಯಾರೋ ಆಡಿದ ಮಾತನ್ನು ವರ್ಷಗಟ್ಟಲೆ ಹೊತ್ತುಕೊಂಡು ನನ್ನ ಬಳಿ ಬಂದವರು ಒಬ್ಬಿಬ್ಬರಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನ್ನ ಕೋಣೆಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ನಡುವಯಸ್ಸಿನ ಮಹಿಳೆಯೊಬ್ಬರು ತೂಕ ನೋಡಿಸಲು ಬಂದಿದ್ದರು. ಮೆಷಿನ್ ಮೇಲೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟರು. ವಾಚ್ ಬಿಚ್ಚಿಟ್ಟರು. ಜೇಬಿನಿಂದ ಬೀಗದ ಕೈ, ಚಿಲ್ಲರೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದು ಕ್ಷಣ ಯೋಚಿಸಿ ಕನ್ನಡಕವನ್ನೂ ತೆಗೆದಿಟ್ಟರು. ಹತ್ತಿ ನಿಂತು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, "ಡಾಕ್ಟ್ರೇ, ದಯವಿಟ್ಟು ನಂಬರ್ ಜೋರಾಗಿ ಹೇಳಬೇಡಿ" ಅಂದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಐದು ತಿಂಗಳಲ್ಲಿ ಅವರು ನಾಲ್ಕು ಕೆಜಿ ಇಳಿದಿದ್ದರು. ನನಗೆ ನಿಜವಾಗಿಯೂ ಖುಷಿಯಾಯಿತು. ಅವರ ಮುಖ ಮಾತ್ರ ಸಣ್ಣದಾಗಿತ್ತು. "ಟಿವಿಯಲ್ಲಿ ಇದನ್ನ ಒಂದೇ ವಾರದಲ್ಲಿ ಇಳಿಸ್ತಾರೆ" ಅಂದರು.

ಆ ಒಂದು ಮಾತಿನಲ್ಲಿ ನಿಮ್ಮ ಪ್ರಶ್ನೆಗೆ ಬೇಕಾದದ್ದು ಬಹಳಷ್ಟಿದೆ.

ಈ ಬಗೆಯ ಶೋಗಳಿಗೆಲ್ಲ ಮಾದರಿಯಾದದ್ದು ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 2004ರಲ್ಲಿ ಶುರುವಾದ 'ದಿ ಬಿಗೆಸ್ಟ್ ಲೂಸರ್'. ಬೇರೆ ಬೇರೆ ದೇಶಗಳಲ್ಲೂ ಅದರದೇ ರೂಪಗಳು ಬಂದವು. ಅದರಲ್ಲಿ ತೂಕ ನೋಡುವುದೇ ವಾರದ ದೊಡ್ಡ ಘಟ್ಟ. ಗಂಡಸರು ಅಂಗಿ ಬಿಚ್ಚಿ, ಹೆಂಗಸರು ಮೈ ಕಾಣುವ ಸಣ್ಣ ಬಟ್ಟೆಯಲ್ಲಿ, ಎಲ್ಲರೆದುರು ದೊಡ್ಡ ತಕ್ಕಡಿಯ ಮೇಲೆ ನಿಲ್ಲಬೇಕು. ಹಿಂದೆ ಅಂಕಿಗಳು ಏರಿಳಿಯುತ್ತವೆ, ಸಂಗೀತ ಬಿಗಿಯಾಗುತ್ತದೆ. ಕಡಿಮೆ ಇಳಿಸಿದವರಿಗೆ ಮನೆಗೆ ಹೋಗುವ ಭಯ. ನಡುನಡುವೆ ಒಂದು ಆಟ ಬೇರೆ: ಹಸಿದಿರುವವರ ಮುಂದೆ ಸಿಹಿತಿಂಡಿ ರಾಶಿ ಹಾಕಿ, ತಿಂದರೆ ಏನೋ ಒಂದು ಲಾಭ ಅಂತ ಆಸೆ ತೋರಿಸುವುದು. ಅವರು ತಿನ್ನುವಾಗ ಕ್ಯಾಮೆರಾ ಬಾಯಿಯ ಹತ್ತಿರವೇ ಇರುತ್ತದೆ. ಇದನ್ನು ವಾರ ವಾರ ನೋಡಿದವರ ಮನಸ್ಸಿನಲ್ಲಿ ಒಂದು ಲೆಕ್ಕ ತಾನಾಗಿಯೇ ಕೂತುಬಿಡುತ್ತದೆ. ಅಂಕಿ ಇಳಿದರೆ ಅವರು ಒಳ್ಳೆಯವರು, ಗಟ್ಟಿಗರು. ಅಂಕಿ ನಿಂತರೆ ಕದ್ದು ತಿಂದವರು, ಸೋಮಾರಿಗಳು.

ಆದರೆ ಆ ಅಂಕಿ ಎಲ್ಲಿಂದ ಬರುತ್ತದೆ ನೋಡಿ. ಊಟ ತೀರಾ ಕಡಿಮೆ ಮಾಡಿ ಗಂಟೆಗಟ್ಟಲೆ ವ್ಯಾಯಾಮ ಮಾಡಿದಾಗ, ಲಿವರ್ ಮತ್ತು ಮಾಂಸಖಂಡಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಮೊದಲು ಖರ್ಚಾಗುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಅದೂ ಹೋಗುತ್ತದೆ. ಹಾಗಾಗಿ ಮೊದಲ ವಾರದ ದೊಡ್ಡ ಇಳಿಕೆಯಲ್ಲಿ ನೀರಿನ ಪಾಲು ಜಾಸ್ತಿ. ಎರಡನೇ ವಾರ ಇಳಿಕೆ ಸಣ್ಣದಾಗುವುದು ದೇಹದ ಸಹಜ ನಡೆ. ಟ್ರೈನರ್ ಆಗ ಕೂಗಾಡುತ್ತಾರೆ, ನೋಡುವವರು ಅನುಮಾನ ಪಡುತ್ತಾರೆ.

ಫಿನಾಲೆ ರಾತ್ರಿಯ ಅಂಕಿಯಂತೂ ಇನ್ನೂ ಸುಳ್ಳು. ಮೊದಲ ಸೀಸನ್ ಗೆದ್ದವರೇ ಆಮೇಲೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕೊನೆಯ ತೂಕಕ್ಕೆ ಮುಂಚೆ ಉಪವಾಸ ಬಿದ್ದು, ನೀರು ಬಿಟ್ಟು, ಮೂತ್ರದಲ್ಲಿ ರಕ್ತ ಹೋಗುವ ತನಕ ದೇಹ ಒಣಗಿಸಿದ್ದರು. ಶೋ ಮುಗಿದ ಐದೇ ದಿನದಲ್ಲಿ ಸುಮಾರು 14 ಕೆಜಿ ವಾಪಸ್ ಬಂತು. ಅದರಲ್ಲಿ ಹೆಚ್ಚಿನದು ಮತ್ತೆ ತುಂಬಿಕೊಂಡ ನೀರು. ಆ ರಾತ್ರಿಯ ತೂಕದಲ್ಲಿ ಯಾರೂ ಒಂದು ವಾರವೂ ಬದುಕಲು ಆಗುವುದಿಲ್ಲ. ಆದರೆ ನಾವು ಅದನ್ನೇ ಅವರ ನಿಜವಾದ ತೂಕ ಅಂತ ನೆನಪಿಟ್ಟುಕೊಳ್ಳುತ್ತೇವೆ. ಆರು ವರ್ಷದ ನಂತರ ಅವರನ್ನು ನೋಡಿದಾಗ ಅಲ್ಲಿಂದಲೇ ಅಳೆಯುತ್ತೇವೆ.

ಆರು ವರ್ಷ ಅಂದದ್ದು ಸುಮ್ನೆ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಆಗ ವಿಜ್ಞಾನಿಯಾಗಿದ್ದ ಕೆವಿನ್ ಹಾಲ್ ಮತ್ತು ಅವರ ತಂಡ ಆ ಶೋನ ಒಂದೇ ಸೀಸನ್ನಿನ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿದರು. ವರದಿ 2016ರಲ್ಲಿ ಬಂತು. ಶುರುವಿನಲ್ಲಿ ಅವರ ಸರಾಸರಿ ತೂಕ ಸುಮಾರು 149 ಕೆಜಿ. ಸ್ಪರ್ಧೆಯ ಕೊನೆಗೆ ಸುಮಾರು 91. ಆರು ವರ್ಷದ ಮೇಲೆ ಸುಮಾರು 132. 14 ಜನರಲ್ಲಿ 13 ಮಂದಿಯ ತೂಕ ವಾಪಸ್ ಏರಿತ್ತು. ಕೆಲವರು ಶುರುವಿಗಿಂತಲೂ ಹೆಚ್ಚಾಗಿದ್ದರು.

ಪತ್ರಿಕೆಗಳು ಬರೆದದ್ದು ಇಷ್ಟನ್ನೇ, ಜನ ನಕ್ಕದ್ದೂ ಇದನ್ನೇ. ಈಗ ಅದೇ ಅಂಕಿಗಳನ್ನು ನಾನು ನೋಡುವ ಹಾಗೆ ನೋಡಿ. ನಾನು ಅಳೆಯುವುದು ಮೊದಲ ದಿನದಿಂದ. 149 ಇದ್ದದ್ದು ಆರು ವರ್ಷದ ನಂತರ 132. ಸರಾಸರಿ ಶೇ 12ರಷ್ಟು ಕಡಿಮೆ. ಅರ್ಧಕ್ಕಿಂತ ಹೆಚ್ಚು ಮಂದಿ ಕನಿಷ್ಠ ಶೇ 10ರಷ್ಟು ಇಳಿಕೆಯನ್ನು ಉಳಿಸಿಕೊಂಡಿದ್ದರು. ನನ್ನ ರೋಗಿಯೊಬ್ಬರು ಆರು ವರ್ಷ ಇಷ್ಟು ಇಳಿಕೆ ಉಳಿಸಿಕೊಂಡರೆ ನಾನು ಕೈ ಹಿಡಿದು ಅಭಿನಂದಿಸುತ್ತೇನೆ. ಯಾಕೆಂದರೆ ಶೇ 5ರಿಂದ 10 ಇಳಿದರೂ ಬಿಪಿ, ಶುಗರ್ ಎರಡೂ ಸುಧಾರಿಸುತ್ತವೆ. 2002ರಲ್ಲಿ ಅಮೆರಿಕದಲ್ಲಿ ಬಂದ ದೊಡ್ಡ ಮಧುಮೇಹ ತಡೆ ಅಧ್ಯಯನದಲ್ಲಿ ಶೇ 7ರಷ್ಟು ತೂಕ ಇಳಿಸುವ ಗುರಿ ಇಟ್ಟು, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡಿಸಿದರು. ಅಷ್ಟಕ್ಕೇ ಮಧುಮೇಹ ಬರುವ ಸಾಧ್ಯತೆ ಶೇ 58ರಷ್ಟು ಇಳಿಯಿತು. ನೀವು "ನಾಚಿಕೆ ಆಗಬೇಕು" ಅಂದ ಆ ಸ್ಪರ್ಧಿ ಶುರುವಿನಲ್ಲಿ ಎಷ್ಟಿದ್ದರು, ಈಗ ಎಷ್ಟಿದ್ದಾರೆ ಅಂತ ಆ ಎಪಿಸೋಡಿನಲ್ಲಿ ಹೇಳಿದರಾ? ಬಹುಶಃ ಗೆದ್ದ ದಿನದ ಫೋಟೋ ಒಂದು ಕಡೆ, ಇವತ್ತಿನದು ಇನ್ನೊಂದು ಕಡೆ ಇಟ್ಟು ತೋರಿಸಿರುತ್ತಾರೆ.

ಶೋ ಸ್ಪರ್ಧಿಗಳ ಬಗ್ಗೆ ಹಾಲ್ ಮಾಡಿದ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಅದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಾವು ಏನೂ ಮಾಡದೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮಿದುಳಿಗೆ ದೇಹ ಒಂದಿಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆ. ತೂಕ ಇಳಿದರೆ ಆ ಖರ್ಚೂ ಸ್ವಲ್ಪ ಇಳಿಯಬೇಕು, ಅದು ಸಹಜ. ಆದರೆ ಈ ಸ್ಪರ್ಧಿಗಳಲ್ಲಿ ಅದು, ಅವರ ಅಳತೆಯ ದೇಹಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಆರು ವರ್ಷ ಕಳೆದ ಮೇಲೂ, ತೂಕ ವಾಪಸ್ ಬಂದ ಮೇಲೂ! 500 ಕ್ಯಾಲೊರಿ ಅಂದರೆ ಹೆಚ್ಚುಕಮ್ಮಿ ಒಂದು ಹೊತ್ತಿನ ಊಟ. ಅದೇ ತೂಕದ ಇನ್ನೊಬ್ಬರು ಮೂರು ಹೊತ್ತು ಉಂಡು ತೂಕ ಹಿಡಿದಿಟ್ಟುಕೊಂಡರೆ, ಇವರು ದಿನಾ ಒಂದು ಹೊತ್ತು ಬಿಡಬೇಕು. ಹಬ್ಬವಿರಲಿ, ಜ್ವರವಿರಲಿ, ರಜೆಯೇ ಇಲ್ಲ.

ಹಸಿವಿನ ಕಥೆ ಇನ್ನೂ ಕಷ್ಟದ್ದು. ಲೆಪ್ಟಿನ್ ಅನ್ನುವ ಹಾರ್ಮೋನು ಕೊಬ್ಬಿನ ಕೋಶಗಳಿಂದ ಹೊರಟು ಮಿದುಳಿಗೆ "ಸಾಕು, ದಾಸ್ತಾನು ಇದೆ" ಅನ್ನುತ್ತದೆ. ಸ್ಪರ್ಧೆ ಮುಗಿಯುವ ಹೊತ್ತಿಗೆ ಅವರ ರಕ್ತದಲ್ಲಿ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಇಳಿದಿತ್ತು. ಆರು ವರ್ಷದ ಮೇಲೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಾಗಾಗಿ ಚಪ್ಪಾಳೆ ತಟ್ಟಿಸಿಕೊಂಡು ವೇದಿಕೆ ಇಳಿದವರು ಮನೆಗೆ ಹೋದದ್ದು ಕಡಿಮೆ ಖರ್ಚಿನ ದೇಹ ಮತ್ತು ತಣಿಯದ ಹಸಿವು ಎರಡನ್ನೂ ಹೊತ್ತುಕೊಂಡು. ನಾವು ಅದಕ್ಕೆ ಬಾಯಿಚಪಲ ಅಂತ ಹೆಸರಿಟ್ಟೆವು.

ಖರ್ಚು ಯಾಕೆ ಇಷ್ಟು ದಿನ ಕಡಿಮೆಯೇ ಉಳಿಯಿತು ಅನ್ನುವುದಕ್ಕೆ ಹಾಲ್ ಅವರೇ 2021ರಲ್ಲಿ ಇನ್ನೊಂದು ವಿವರಣೆ ಕೊಟ್ಟರು. ಬಹಳ ದಿನ ವಿಪರೀತ ವ್ಯಾಯಾಮ ಮಾಡಿದರೆ, ವಿಶ್ರಾಂತಿಯ ಹೊತ್ತಿನ ಖರ್ಚಿನಲ್ಲಿ ದೇಹ ಉಳಿತಾಯ ಮಾಡುತ್ತಿರಬಹುದು ಅಂತ. ಅಂದರೆ ತೂಕ ಉಳಿಸಿಕೊಳ್ಳಲು ಹೆಚ್ಚು ದುಡಿದವರಿಗೇ ದೇಹ ಹೆಚ್ಚು ಎದುರು ನಿಂತಿರಬಹುದು. ಆ 14 ಜನರಲ್ಲೂ ತೂಕ ಚೆನ್ನಾಗಿ ಉಳಿಸಿಕೊಂಡವರಲ್ಲೇ ಖರ್ಚಿನ ಇಳಿಕೆ ಜಾಸ್ತಿ ಇತ್ತು.

"ಹಸಿವು ತಡೆಯೋಕೆ ಮನಸ್ಸು ಗಟ್ಟಿ ಇರಬೇಕು" ಅಂತ ನೀವು ಅನ್ನಬಹುದು. ಮನಸ್ಸು ಗಟ್ಟಿ ಇದ್ದವರನ್ನೇ ಆರಿಸಿ ಪರೀಕ್ಷೆ ಮಾಡಿದ್ದೂ ಆಗಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಯುದ್ಧದಿಂದ ಹಸಿದವರಿಗೆ ಮತ್ತೆ ಊಟ ಕೊಡುವುದು ಹೇಗೆ ಅಂತ ತಿಳಿಯುವುದಕ್ಕೆ. ದೇಹ, ಮನಸ್ಸು ಎರಡೂ ಗಟ್ಟಿ ಇರುವವರನ್ನೇ ಹುಡುಕಿ ತೆಗೆದುಕೊಂಡಿದ್ದರು. ಅಂಥವರೂ ಹಗಲು ರಾತ್ರಿ ಊಟದ ಬಗ್ಗೆಯೇ ಯೋಚಿಸಿದರು. ಅಡುಗೆ ಪುಸ್ತಕ ಓದುತ್ತಾ ಕೂತರು. ತಟ್ಟೆ ನೆಕ್ಕಿದರು. ಸಿಡುಕಿದರು, ಮಂಕಾದರು. ಮತ್ತೆ ಊಟ ಸಿಕ್ಕಾಗ ಹೊಟ್ಟೆ ತುಂಬಿದರೂ ಹಲವರಿಗೆ ತೃಪ್ತಿ ಆಗಲಿಲ್ಲ. ಅವರು ಸಣ್ಣಗೇ ಇದ್ದವರು. ಅವರನ್ನು ಯಾರೂ ಬಾಯಿಚಪಲದವರು ಅನ್ನಲಿಲ್ಲ.

ಯಾರು ಎಷ್ಟು ದಪ್ಪಗಿರುತ್ತಾರೆ ಅನ್ನುವುದರಲ್ಲಿ ಹುಟ್ಟಿನಿಂದ ಬಂದ ಪಾಲೂ ದೊಡ್ಡದು. ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿ ಬೆಳೆದ 540 ಜನರನ್ನು ಆಲ್ಬರ್ಟ್ ಸ್ಟಂಕರ್ಡ್ ಅವರ ತಂಡ ಅಧ್ಯಯನ ಮಾಡಿ 1986ರಲ್ಲಿ ಪ್ರಕಟಿಸಿತು. ಆ ಜನರ ಮೈಕಟ್ಟು ಹೆತ್ತವರ ಮೈಕಟ್ಟಿಗೆ ಹೊಂದಿಕೆಯಾಯಿತು. ದಿನಾ ಊಟ ಬಡಿಸಿ ಸಾಕಿದವರ ಮೈಕಟ್ಟಿಗೂ ಅವರದಕ್ಕೂ ಸಂಬಂಧ ಕಾಣಲಿಲ್ಲ. ಊಟ, ನಡಿಗೆ, ನಿದ್ದೆ ಯಾವುದೂ ಲೆಕ್ಕಕ್ಕಿಲ್ಲ ಅಂತ ಇದರ ಅರ್ಥವಲ್ಲ. ನಾನು ದಿನಾ ಮಾತಾಡುವುದೇ ಅವುಗಳ ಬಗ್ಗೆ. ಆದರೆ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡುವುದಿಲ್ಲ. ಆ ಶೋನ ಟ್ರೈನರ್ ಬಾಬ್ ಹಾರ್ಪರ್ ಅವರನ್ನೇ ನೋಡಿ. ವರ್ಷಗಟ್ಟಲೆ ಇತರರಿಗೆ ವ್ಯಾಯಾಮ ಹೇಳಿಕೊಟ್ಟವರು, ಮೈಯಲ್ಲಿ ಬೊಜ್ಜು ಅನ್ನುವುದೇ ಇಲ್ಲದವರು. 2017ರಲ್ಲಿ ಜಿಮ್‌ನಲ್ಲೇ ಹೃದಯಾಘಾತವಾಗಿ ಕುಸಿದರು. ವಂಶದಲ್ಲಿ ಬಂದ ಕಾರಣ ಅದಕ್ಕಿತ್ತು ಅಂತ ಅವರೇ ಹೇಳಿದ್ದಾರೆ. ಜನ ಮರುಗಿದರು, ಅದು ಸರಿಯೇ. ಯಾರೂ ಅವರಿಗೆ ನಾಚಿಕೆ ಆಗಬೇಕು ಅನ್ನಲಿಲ್ಲ. ಅದೇ ಮರುಕ ದಪ್ಪಗಿರುವವರ ವಿಷಯದಲ್ಲಿ ಯಾಕೆ ಬರುವುದಿಲ್ಲ?

ಇಳಿಸಿದರೆ ಸಾಕು, ಜನ ಸುಮ್ಮನಾಗುತ್ತಾರಾ? ಅದೂ ಇಲ್ಲ. 2014ರಲ್ಲಿ ಆ ಶೋ ಗೆದ್ದ ಯುವತಿ 118 ಕೆಜಿಯಿಂದ 48ಕ್ಕೆ ಬಂದಿದ್ದರು. ಸುಮಾರು ಶೇ 60ರಷ್ಟು. ಅವರು ವೇದಿಕೆಗೆ ಬಂದಾಗ ಟ್ರೈನರ್‌ಗಳ ಮುಖವೇ ಬಿಳಿಚಿಕೊಂಡದ್ದು ಪರದೆಯ ಮೇಲೆ ಕಂಡಿತು. ಮರುದಿನದಿಂದ ಎಲ್ಲ ಕಡೆ ಒಂದೇ ಮಾತು: ಅತಿಯಾಯಿತು, ಕಾಯಿಲೆಯವಳ ಹಾಗೆ ಕಾಣುತ್ತಾಳೆ. ಅಷ್ಟು ಇಳಿಸುವುದು ಒಳ್ಳೆಯದಲ್ಲ ಅಂತ ವೈದ್ಯೆಯಾಗಿ ನಾನೂ ಹೇಳುತ್ತೇನೆ. ಆದರೆ ಹೆಚ್ಚು ಇಳಿಸಿದವರಿಗೆ ಬಹುಮಾನ ಅಂತ ನಿಯಮ ಇಟ್ಟದ್ದು ಶೋ. ವಾರ ವಾರ "ಇನ್ನೂ ಇಳಿಸು" ಅಂತ ಹುರಿದುಂಬಿಸಿದ್ದು ನೋಡುವವರು. ಆಕೆ ನಿಯಮದ ಪ್ರಕಾರ ಗೆದ್ದರು, ಗೆದ್ದದ್ದಕ್ಕೆ ಬೈಸಿಕೊಂಡರು. ಇತ್ತೀಚೆಗೆ ಸೆಮಾಗ್ಲುಟೈಡ್‌ನಂಥ ಔಷಧ ತೆಗೆದುಕೊಂಡು ಇಳಿಸಿದವರಿಗೂ ಅಷ್ಟೇ, "ಅಡ್ಡದಾರಿ ಹಿಡಿದರು" ಅಂತ ಮಾತು. ಬಿಪಿಗೆ ಮಾತ್ರೆ ನುಂಗುವವರಿಗೆ ಯಾರೂ ಹಾಗನ್ನುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹೇಳದಿದ್ದರೆ ಸರಿಹೋಗುವುದು ಹೇಗೆ? ಹೇಳುವುದರಿಂದ ಸರಿಹೋಗುತ್ತಾರಾ ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ನೋಡಿದ್ದಾರೆ. 2,944 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದರು. ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ನಡೆಸಿಕೊಂಡರು ಅಂದವರ ತೂಕ ಸರಾಸರಿ 0.95 ಕೆಜಿ ಏರಿತ್ತು. ಅಂಥ ಅನುಭವ ಇಲ್ಲದವರದು 0.71 ಕೆಜಿ ಇಳಿದಿತ್ತು. ಇಂಥ ಅಧ್ಯಯನದಿಂದ ಕಾರಣವನ್ನು ಪೂರ್ತಿ ಸಾಬೀತು ಮಾಡಲಾಗದು. ಆದರೂ ಅವಮಾನದಿಂದ ಜನ ಸಣ್ಣಗಾಗುತ್ತಾರೆ ಅನ್ನುವುದಕ್ಕೆ ಅದರಲ್ಲಿ ಆಧಾರ ಕಾಣಲಿಲ್ಲ. ನನ್ನ ಕೋಣೆಯಲ್ಲಿ ಕಂಡದ್ದೂ ಅದೇ. ಅವಮಾನವಾದವರು ಜಿಮ್‌ಗೆ ಹೋಗುವುದು ಬಿಡುತ್ತಾರೆ, ಯಾಕೆಂದರೆ ಅಲ್ಲಿ ಕಣ್ಣುಗಳಿವೆ. ಡಾಕ್ಟರ ಹತ್ತಿರ ಬರುವುದು ಬಿಡುತ್ತಾರೆ, ಯಾಕೆಂದರೆ ಅಲ್ಲಿ ತೂಕದ ಮೆಷಿನ್ ಇದೆ. ಎಲ್ಲರೆದುರು ಕಡಿಮೆ ಉಂಡು, ರಾತ್ರಿ ಒಬ್ಬರೇ ಅಡುಗೆಮನೆಯಲ್ಲಿ ನಿಂತುಕೊಂಡು ತಿನ್ನುತ್ತಾರೆ. 2020ರಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ವೈದ್ಯಕೀಯ ಮತ್ತು ವಿಜ್ಞಾನ ಸಂಸ್ಥೆಗಳು ಸೇರಿ, ತೂಕದ ಕಾರಣಕ್ಕೆ ಜನರನ್ನು ಹೀಗಳೆಯುವುದು ನಿಲ್ಲಬೇಕು ಅಂತ ಒಟ್ಟಾಗಿ ಹೇಳಿಕೆ ಕೊಟ್ಟದ್ದು ಸುಮ್ನೆ ಅಲ್ಲ.

ಶೋ ನೋಡುವುದರಿಂದ ನಮ್ಮ ಮನಸ್ಸಿಗೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ 59 ಜನರಿದ್ದರು. ಕೆಲವರಿಗೆ 'ಬಿಗೆಸ್ಟ್ ಲೂಸರ್'ನ ಒಂದು ಎಪಿಸೋಡ್, ಉಳಿದವರಿಗೆ ಪ್ರಕೃತಿಯ ಬಗ್ಗೆ ಒಂದು ಕಾರ್ಯಕ್ರಮ ತೋರಿಸಿದರು. ಒಂದೇ ಒಂದು ಎಪಿಸೋಡ್ ನೋಡಿದವರಲ್ಲಿ ದಪ್ಪಗಿರುವವರ ಬಗ್ಗೆ ಅಸಹನೆ ಹೆಚ್ಚಿತ್ತು, ತೂಕ ಪೂರ್ತಿ ಅವರವರ ಕೈಯಲ್ಲೇ ಇದೆ ಅನ್ನುವ ನಂಬಿಕೆಯೂ ಗಟ್ಟಿಯಾಗಿತ್ತು. ನಿಮಗೆ ಅವತ್ತು ಬಂದ ಸಿಟ್ಟು ಪೂರ್ತಿ ನಿಮ್ಮದಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

ತಾವಾಗಿಯೇ ಬಂದವರು ಅಂದಿರಿ. ನಿಜ, ಸಹಿ ಹಾಕಿ ಬಂದವರು. ಆದರೆ ಯಾಕೆ ಬಂದರು ಅಂತಲೂ ಕೇಳಬೇಕಲ್ವಾ? ವರ್ಷಗಟ್ಟಲೆ ಜನರ ಕಣ್ಣಿನಲ್ಲಿ ಕೀಳಾಗಿ, ಡಯಟ್ ಮೇಲೆ ಡಯಟ್ ಸೋತು, ಇದೊಂದು ಕೊನೆಯ ದಾರಿ ಅಂದುಕೊಂಡು ಬರುತ್ತಾರೆ. ಕ್ಯಾಮೆರಾ ಹೋದ ಮೇಲೆ ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಅವರ ಪಾಡು. ಸಹಿ ಹಾಕಿದ ಮಾತ್ರಕ್ಕೆ ಕೈ ತೊಳೆದುಕೊಳ್ಳಬಹುದು ಅನ್ನುವುದನ್ನು ಕಾನೂನೂ ಈಗ ಒಪ್ಪುತ್ತಿಲ್ಲ. ಬ್ರಿಟನ್ನಿನಲ್ಲಿ ಟಿವಿ, ರೇಡಿಯೋಗಳ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆ 2021ರ ಏಪ್ರಿಲ್‌ನಿಂದ ಹೊಸ ನಿಯಮ ತಂದಿದೆ. ಕಾರ್ಯಕ್ರಮದಲ್ಲಿ ಭಾಗವಹಿಸಿದ್ದರಿಂದ ಹಾನಿಯಾಗುವ ಅಪಾಯ ಇರುವವರ ಕಾಳಜಿ ಚಾನೆಲ್‌ನವರ ಹೊಣೆ.

ಇನ್ನು ನಿಮ್ಮ ತಂಗಿ. ನೀವು ಬೈದದ್ದು ಅವಳನ್ನಲ್ಲ, ನಿಜ. ಆದರೆ ಅವಳು ಕೇಳಿಸಿಕೊಂಡದ್ದು ಹೀಗೆ: "ನಾನು ಸೋತರೆ ಇವರು ನನ್ನ ಬಗ್ಗೆಯೂ ಹೀಗೇ ಅಂತಾರೆ. ಈಗಲೂ ಮನಸ್ಸಿನಲ್ಲಿ ಹೀಗೇ ಅಂದುಕೊಂಡಿರಬಹುದು." ಟಿವಿಯಲ್ಲಿರುವವರಿಗೆ ನಿಮ್ಮ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ಪಕ್ಕದಲ್ಲಿದ್ದವಳಿಗೆ ಮಾತ್ರ.

ಅವಳ ಹತ್ತಿರ ಹೋಗಿ. ಎಲ್ಲರೆದುರು ಬೇಡ, ಒಬ್ಬಳೇ ಇದ್ದಾಗ. "ನಿನ್ನನ್ನಲ್ಲ ಅಂದದ್ದು" ಅಂತ ಶುರು ಮಾಡಬೇಡಿ, ಅದು ಸಮಜಾಯಿಷಿ ಆಗುತ್ತದೆ. "ಅವತ್ತು ನಾನು ಆಡಿದ ಮಾತು ತಪ್ಪು, ನಿನಗೆ ನೋವಾಯಿತು ಅಂತ ಗೊತ್ತಾಯಿತು" ಅಂದರೆ ಸಾಕು. ಅವಳು ಕೋಪ ಮಾಡಿಕೊಂಡರೆ ಕೇಳಿಸಿಕೊಳ್ಳಿ. ಅತ್ತರೆ ಜೊತೆಗಿರಿ. ಎಷ್ಟು ಕೆಜಿ ಇಳಿಯಿತು ಅಂತ ಕೇಳಬೇಡಿ. ಸಣ್ಣ ಕಾಣುತ್ತಿದ್ದೀಯ ಅಂತ ಹೊಗಳುವುದೂ ಬೇಡ. ಮುಂದಿನ ತಿಂಗಳು ತೂಕ ಏರಿದರೆ ಆ ಹೊಗಳಿಕೆಯೇ ಭಾರವಾಗುತ್ತದೆ. ನಡೆಯಲು ಹೋಗುವಾಗ ಜೊತೆಗೆ ಬರಲಾ ಅಂತ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಮನೆಯಲ್ಲಿ ಅವಳಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಇದ್ದರೆ, ಸಾಧ್ಯವಾದಷ್ಟು ಎಲ್ಲರಿಗೂ ಒಂದೇ ಮಾಡಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಅವಳು ಊಟಕ್ಕೆ ಕೂರುತ್ತಿಲ್ಲ ಅಂದಿದ್ದೀರಿ. ಬೇರೆ ಹೊತ್ತಿನಲ್ಲಿ ಉಣ್ಣುತ್ತಿದ್ದಾಳಾ ಅನ್ನುವುದು ತಿಳಿಯಬೇಕು. ಪೂರ್ತಿ ಊಟ ಬಿಡುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ, ಮುಟ್ಟು ನಿಂತಿದ್ದರೆ, ಉಂಡ ತಕ್ಷಣ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುತ್ತಿದ್ದರೆ, ಹೊಟ್ಟೆ ಬಿರಿಯುವಷ್ಟು ತಿಂದು ಅಳುತ್ತಿದ್ದರೆ, ತಡ ಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ದಪ್ಪಗಿರುವವರಿಗೂ ಆಹಾರಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಗಳು ಬರುತ್ತವೆ. ಮೈ ನೋಡಿದರೆ ಗೊತ್ತಾಗುವುದಿಲ್ಲ, ಹಾಗಾಗಿ ಬಹಳ ಸಲ ತಡವಾಗುತ್ತದೆ. ಕರೆದುಕೊಂಡು ಹೋಗುವ ಮುಂಚೆ ಆ ವೈದ್ಯರ ಕಡೆಯವರಿಗೆ ಫೋನ್ ಮಾಡಿ, ತೂಕವನ್ನು ಬೇರೆಯವರಿಗೆ ಕೇಳುವ ಹಾಗೆ ಹೇಳಬೇಡಿ ಅಂತ ಕೇಳಿಕೊಳ್ಳಿ. ನನ್ನ ಬಳಿ ಕನ್ನಡಕ ತೆಗೆದಿಟ್ಟು ನಿಂತ ಆ ಮಹಿಳೆಗೆ ಈಗ ನಾನು ನಂಬರನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡುತ್ತೇನೆ. ಮನೆಗೆ ಹೋಗಿ ಬೇಕಾದಾಗ ನೋಡಿಕೊಳ್ಳುತ್ತಾರೆ. ಎರಡು ವರ್ಷದಿಂದ ಒಂದು ಭೇಟಿಯನ್ನೂ ತಪ್ಪಿಸಿಲ್ಲ.